ಮೊಳೆಯಲ್ಲಿ ತೂಗುವ ಬೀಗದ ಕೈ

ಬೆನಿಸಾರಾ ಊರಿನ ಕೋಟೆಗೆ ಒಂದೇ ಬಾಗಿಲು, ಆ ಬಾಗಿಲಿಗೆ ಒಂದೇ ಬೀಗ, ಬೀಗಕ್ಕೆ ಒಂದೇ ಕೈ. ಆ ಕೈ ರೆಮೇಯಾಳ ಮನೆಯ ಬಾಗಿಲವಾಡದ ಮೊಳೆಯಲ್ಲಿ ತೂಗುತ್ತಿತ್ತು. ಗೇಣುದ್ದದ ಕಬ್ಬಿಣ, ಅರ್ಧ ಸೇರು ತೂಕ. ಕೋಟೆ ನೋಡಲು ಬಂದವರು ಕದ ತಟ್ಟಿ ಕೇಳಬೇಕು. ರೆಮೇಯಾ ಮೊದಲು ಅವರ ಕಾಲಿನ ಚಪ್ಪಲಿ ನೋಡುತ್ತಾಳೆ, ಆಮೇಲೆ ಮುಖ ನೋಡುತ್ತಾಳೆ, ಆಮೇಲೆ ಮೂರು ಮಾತು ಹೇಳುತ್ತಾಳೆ.

"ಹೋಗ್ವಾಗ ತಗೊಂಡ್ ಹೋಗಿ. ಬರ್ವಾಗ ಬೀಗ ಹಾಕಿ, ಸರಪಳಿ ಎಳ್ದು ನೋಡಿ. ತಂದು ಇದೇ ಮೊಳೆಗೆ ಹಾಕಿ. ನಾನಿಲ್ದಿದ್ರೂ ಸರಿ, ಮೊಳೆ ಇಲ್ಲೇ ಇರುತ್ತೆ."

ಒಳಗಡೆ ನೋಡಲು ಮಹಾ ಏನೂ ಇರಲಿಲ್ಲ. ಎರಡೂವರೆ ಗೋಡೆ, ಮುರಿದ ಒಂದು ಬುರುಜು, ಮಳೆನೀರಿನ ಕಲ್ಲುತೊಟ್ಟಿ, ಮೊಣಕಾಲೆತ್ತರದ ಮುಳ್ಳುಗಿಡ. ಹಿಂದೆ ಇಲ್ಲಿ ಆಳಿದ ಮೂರ್ ಮುಸಲ್ಮಾನರು ಕಟ್ಟಿದರು, ಕ್ರೈಸ್ತ ರಾಜ ಕಿತ್ತುಕೊಂಡ, ಉಳಿದದ್ದನ್ನು ಭೂಕಂಪ ಕೆಡವಿತು. ಮೂರು ಕಡೆ ನೇರ ಪ್ರಪಾತ, ನಾಲ್ಕನೇ ಕಡೆ ಆ ಬಾಗಿಲು. ಒಮ್ಮೆ ಯಾರದೋ ಗಬ್ಬದ ಮೇಕೆ ತೊಟ್ಟಿಗೆ ಬಿದ್ದು ಸತ್ತಿತು. ಊರವರು ಅದಕ್ಕೆ ಅತ್ತಷ್ಟು ಹೋದ ವರ್ಷ ಸತ್ತ ಪಾದ್ರಿಗೂ ಅತ್ತಿರಲಿಲ್ಲ. ಪಂಚಾಯ್ತಿಯವರು ಕಬ್ಬಿಣದ ಸರಳಿನ ಗೇಟು ಹಾಕಿಸಿ ಬೀಗ ಜಡಿದು, ಅದರ ಕೀಲಿಯನ್ನು ರೆಮೇಯಾಗೆ ಕೊಟ್ಟರು. ಕೋಟೆಯ ದಾರಿ ಶುರುವಾಗುವುದೇ ಅವಳ ಮನೆಯ ಮಗ್ಗುಲಿನಿಂದ.

ಅದಾಗಿ ಇಪ್ಪತ್ತೆರಡು ವರ್ಷ. ಇಷ್ಟರಲ್ಲಿ ಊರಿಗೆಲ್ಲ ಒಂದು ಲೆಕ್ಕ ಅಭ್ಯಾಸವಾಗಿಹೋಗಿತ್ತು: ಬೀಗದ ಕೈ ಮೊಳೆಯಲ್ಲಿದ್ದರೆ ಕೋಟೆ ಖಾಲಿ, ಇಲ್ಲದಿದ್ದರೆ ಮೇಲೆ ಜನ ಇದ್ದಾರೆ. ಮಕ್ಕಳು ಕಾಣದಿದ್ದರೆ ತಾಯಂದಿರು ತಲೆ ಎತ್ತಿ ಗುಡ್ಡ ನೋಡುತ್ತಿರಲಿಲ್ಲ, ರೆಮೇಯಾಳ ಬಾಗಿಲು ನೋಡುತ್ತಿದ್ದರು. ಆ ಮೊಳೆ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ರೆಮೇಯಾಗೆ ಇದರ ಮೇಲೆ ಸ್ವಲ್ಪ ಜಂಬವೂ ಇತ್ತು. ಬಡವರಿಗೆ ಜಂಬಪಡಲು ಒಂದು ಮೊಳೆಯಾದರೂ ಬೇಕಲ್ಲ.

ಅವಳ ಗಂಡ ಬತಿಸ್ತೆಗೆ ಎಪ್ಪತ್ತಮೂರು. ಎರಡು ವರ್ಷದಿಂದ ಅವನ ನೆನಪು ಒಂದೊಂದೇ ಎಳೆ ಬಿಚ್ಚಿಕೊಳ್ಳುತ್ತಿತ್ತು. ಮೊದಲು ಹೆಸರುಗಳು ಹೋದವು, ಆಮೇಲೆ ದಿನಗಳು, ಆಮೇಲೆ ಆಗಷ್ಟೇ ಉಂಡ ಊಟ. ತಲೆಯ ಮೇಲೆ ಟೋಪಿ ಇಟ್ಟುಕೊಂಡೇ ಮನೆಯೆಲ್ಲ ಟೋಪಿ ಹುಡುಕುತ್ತಿದ್ದ. ಪಕ್ಕದ ಮನೆಯ ತೊನಿಕಾ ಇದನ್ನು ಕಂಡು ನಗುತ್ತಿದ್ದಳು.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ! ಬತಿಸ್ತಣ್ಣಾ, ಹೆಂಡ್ತಿ ಎಲ್ಲಿದಾಳೆ ಅಂತನಾದ್ರೂ ಗೊತ್ತಾ?"

"ಅವ್ಳಾ? ಅವ್ಳ ಹತ್ರ ಕೋಟೆ ಕೀಲಿ ಇದೆ," ಎನ್ನುತ್ತಿದ್ದ ಬತಿಸ್ತೆ ಗಂಭೀರವಾಗಿ. ಅದೊಂದು ಮಾತ್ರ ಅವನು ಮರೆತಿರಲಿಲ್ಲ.

ಇನ್ನೊಂದನ್ನೂ ಮರೆತಿರಲಿಲ್ಲ. ಮದುವೆಯಾದ ವರ್ಷ ಅವರಿಬ್ಬರೂ ಭಾನುವಾರಗಳಲ್ಲಿ ರೊಟ್ಟಿ, ಒಣಮಾಂಸ ಕಟ್ಟಿಕೊಂಡು ಸುತ್ತಲಿನ ಕಣಿವೆಗಳ ಕೋಟೆಗಳಿಗೆಲ್ಲ ನಡೆದು ಹೋಗುತ್ತಿದ್ದರು. ಬೇರೆ ಎಲ್ಲಿಗೆ ಹೋಗಲು ಅವರ ಕೈಯಲ್ಲಿ ಏನಿತ್ತು? ಕೋಟೆಗಳು ಬಿಟ್ಟಿ. ಒಟ್ಟು ಎಂಟು ಕೋಟೆ, ಒಂದರ ಮೇಲೆ ನಿಂತರೆ ಇನ್ನೊಂದು ಕಾಣುತ್ತದೆ. ಏಳು ಮುಗಿಸಿದರು. ಎಂಟನೆಯದು ಅಲ್ಮರ್ಜಾ, ಹೋಗಿ ಬರಲು ಒಂದೂವರೆ ದಿನದ ದಾರಿ. ಅಷ್ಟರಲ್ಲಿ ರೆಮೇಯಾ ಬಸುರಿಯಾದಳು. ಮಗು ಉಳಿಯಲಿಲ್ಲ, ಅಲ್ಮರ್ಜಾ ಮಾತ್ರ ಉಳಿದುಹೋಯಿತು. ಈಗ ನಲವತ್ತೈದು ವರ್ಷದ ಮೇಲೆ ಬತಿಸ್ತೆ ಅದನ್ನೇ ಹಿಡಿದುಕೊಂಡಿದ್ದ.

"ಇನ್ನೊಂದ್ ಕೋಟೆ ಬಾಕಿ ಇದೆ ಕಣೇ."

"ಇದೆ ಇದೆ. ಬಾದಾಮಿ ಹೂ ಉದುರ್ಲಿ, ಹೋಗೋಣ," ಎಂದು ಅವಳು ಮಕ್ಕಳಿಗೆ ಹೇಳುವಂತೆ ಹೇಳುತ್ತಿದ್ದಳು.

ಜನವರಿಯ ಕೊನೆಯ ಶುಕ್ರವಾರ. ಕೆಳಗಿನ ಹೊಲಗಳಲ್ಲಿ ಬಾದಾಮಿ ಆಗಲೇ ಹೂಬಿಟ್ಟಿತ್ತು, ರಾತ್ರಿ ಮಾತ್ರ ನೀರು ಹೆಪ್ಪುಗಟ್ಟುವ ಚಳಿ. ಬೆಳಿಗ್ಗೆ ಹತ್ತಕ್ಕೆ ಒಬ್ಬ ಮನುಷ್ಯ ಬಂದು ಕದ ತಟ್ಟಿದ. ಹೆಸರು ಎಸ್ತೆವೆ, ಆಲ್ಕೊಯ್ ಪೇಟೆಯ ಬಟ್ಟೆಗಿರಣಿಯಲ್ಲಿ ನಲವತ್ತು ವರ್ಷ ದುಡಿದು ಬಿಟ್ಟವನು. ಎಂಟೂ ಕೋಟೆಗಳನ್ನು ನಡೆದೇ ನೋಡಬೇಕೆಂದು ಹೊರಟಿದ್ದ. ರೆಮೇಯಾ ಅವನ ಚಪ್ಪಲಿ ನೋಡಿದಳು, ದಪ್ಪ ಹಗ್ಗದ ಅಟ್ಟೆ, ಸರಿಯಾಗಿತ್ತು. ಮೂರು ಮಾತು ಹೇಳಿ ಬೀಗದ ಕೈ ಕೊಟ್ಟಳು. ಬತಿಸ್ತೆಯನ್ನು ಬಿಸಿಲಲ್ಲಿ ಕುರ್ಚಿ ಹಾಕಿ ಕೂರಿಸಿ, ಕೋಟಿನ ಗುಂಡಿ ಹಾಕಿ, ಹಿಟ್ಟಿನ ಹಲಗೆ ಹೊತ್ತು ಊರವರೆಲ್ಲ ಹಂಚಿಕೊಳ್ಳುವ ಒಲೆಗೆ ರೊಟ್ಟಿ ಸುಡಲು ಹೋದಳು.

ಒಂದು ಗಂಟೆಗೆ ಹಿಂತಿರುಗಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಮೊಳೆಯಲ್ಲಿ ತೂಗುತ್ತಿದ್ದ ಬೀಗದ ಕೈ. ಒಳ್ಳೇ ಮನುಷ್ಯ, ಹೇಳಿದ ಮಾತು ಉಳಿಸಿಕೊಂಡ ಎಂದುಕೊಂಡಳು. ಆಮೇಲೆ ನೋಡಿದರೆ ಕುರ್ಚಿ ಖಾಲಿ.

ಊರೊಳಗೆ ಹುಡುಕಲು ಎಷ್ಟು ಹೊತ್ತು ಬೇಕು? ಅರವತ್ತು ಮನೆ. ಹೆಂಡದಂಗಡಿ, ಚರ್ಚು, ಬಟ್ಟೆ ಒಗೆಯುವ ಕೊಳ, ಎಲ್ಲ ನೋಡಿದ್ದಾಯಿತು. ಬತಿಸ್ತೆಯ ತಮ್ಮ ಕೇಲೊ ತನ್ನ ಬೇಟೆನಾಯಿಯನ್ನು ಕರೆತಂದ. ಹಳೆಯ ಅರಣ್ಯ ಕಾವಲುಗಾರ ಅವನು, ಮಾತು ಕಡಿಮೆ. ಅಣ್ಣನ ಚಾದರವನ್ನು ನಾಯಿಗೆ ಮೂಸಿಸಿದ. ನಾಯಿ ಮನೆಯ ಮಗ್ಗುಲಿಗೆ ತಿರುಗಿ ಕೋಟೆಯ ದಾರಿ ಹಿಡಿದು ಎಳೆಯತೊಡಗಿತು.

"ಅತ್ತಿಗೆ, ಇದು ಮೇಲಕ್ ಎಳೀತಿದೆ."

"ಆ ದಾರೀಲಿ ಅವ್ನು ದಿನಾ ಗೇಟಿನ ತಂಕ ಹೋಗಿ ಬರ್ತಾನೆ ಕಣಪ್ಪ, ವಾಸ್ನೆ ಇರಲ್ವಾ? ಬೀಗದ ಕೈ ಮೊಳೇಲಿದೆ ನೋಡು. ಬೀಗ ಹಾಕಿದ ಮೇಲೆ ಇವ್ನೇನು ಹಾರ್ಕೊಂಡ್ ಒಳಗ್ ಹೋಗ್ತಾನಾ?"

ಕೇಲೊ ಮೊಳೆಯ ಕಡೆ ನೋಡಿದ. ಊರಿನ ಎಲ್ಲರಂತೆ ಅವನೂ ಆ ಮೊಳೆಯನ್ನು ನಂಬಿದವನೇ. ನಾಯಿಯ ಹಗ್ಗ ಜಗ್ಗಿ ಕೆಳಗಿನ ಹಳ್ಳದ ಕಡೆ ತಿರುಗಿಸಿದ. ನಾಯಿ ಕುಂಯ್‌ಗುಟ್ಟಿತು. ನಾಯಿಗೆ ಮೊಳೆಯ ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ.

ಸಂಜೆಯಾಗುವ ಮೊದಲು ರೆಮೇಯಾಗೆ ಒಂದು ಹಳೆಯ ಉಪಾಯ ಹೊಳೆಯಿತು. ಗಂಡಸರೆಲ್ಲ ಮೆಟ್ಟಿಲು ಹೊಲಗಳಲ್ಲಿ ಬಾದಾಮಿ, ಆಲಿವ್ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಊಟ ತಯಾರಾದರೆ ಹೆಂಗಸರು ಬಾಲ್ಕನಿಗೆ ಬಿಳಿ ಬಟ್ಟೆ ಹಾಕುತ್ತಿದ್ದರು. ಅದನ್ನು ಕಂಡ ಗಂಡ ಮೈಮೇಲಿನ ಬಿಳಿ ಅಂಗಿಯನ್ನೋ ಕೈವಸ್ತ್ರವನ್ನೋ ಹತ್ತಿರದ ಕೊಂಬೆಗೆ ಕಟ್ಟಬೇಕು. ಕಂಡೆ, ಬಂದೆ ಎಂದು ಅದರ ಅರ್ಥ. ಬತಿಸ್ತೆ ಒಂದು ದಿನವೂ ಉತ್ತರ ಕೊಡದೆ ಇದ್ದವನಲ್ಲ. ಅವನು ಹೊಲ ಬಿಟ್ಟ ಮೇಲೆ ಆ ಬಟ್ಟೆ ಪೆಟ್ಟಿಗೆಯ ತಳ ಸೇರಿತ್ತು. ಈಗ ತೆಗೆದು ಕೊಡವಿ ಬಾಲ್ಕನಿಗೆ ಕಟ್ಟಿದಳು. ಹೆಂಡತಿಯ ಹೆಸರು ಮರೆತರೂ ಹೊಟ್ಟೆ ಇದನ್ನು ಮರೆಯುವುದಿಲ್ಲ ಎಂದು ಅವಳ ನಂಬಿಕೆ. ಎಲ್ಲಿದ್ದರೂ ಕಾಣಲಿ, ಕಂಡು ಬರಲಿ.

ಶನಿವಾರ ಇಪ್ಪತ್ತು ಜನ ಹಳ್ಳಗಳನ್ನೆಲ್ಲ ಶೋಧಿಸಿದರು. ಬೆಟ್ಟದ ಗಾಳಿ ಹೇಗೆ ಬೀಸುತ್ತಿತ್ತೆಂದರೆ ಪಕ್ಕದಲ್ಲಿ ನಿಂತವನು ಕೂಗಿದ್ದೂ ಕೇಳುತ್ತಿರಲಿಲ್ಲ. ಮಧ್ಯಾಹ್ನ ಬಟ್ಟೆಯ ಗಂಟು ಬಿಗಿ ಮಾಡಲು ರೆಮೇಯಾ ಬಾಲ್ಕನಿಗೆ ಬಂದಳು. ಎದುರಿಗೆ ಗುಡ್ಡದ ನೆತ್ತಿಯಲ್ಲಿ ಕೋಟೆ, ಅದರ ಗೇಟಿನಲ್ಲಿ ಏನೋ ಬೆಳ್ಳಗೆ ಅಲುಗುತ್ತಿತ್ತು. ಅವಳ ಕಣ್ಣಿಗೆ ಪೊರೆ ಬರಲು ಶುರುವಾಗಿತ್ತು.

"ತೊನಿಕಾ, ಏನೇ ಅದು, ಗೇಟಿನ ಹತ್ರ?"

ತೊನಿಕಾ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಕಾಗ್ದನೋ ಬಟ್ಟೆನೋ. ಆ ಪೇಟೆಯವ್ನು ರೊಟ್ಟಿ ಕಟ್ಕೊಂಡು ಬಂದಿದ್ದು ಇರ್ಬೇಕು. ತಿಂದು ಅಲ್ಲೇ ಬಿಸಾಕಿ ಹೋಗಿದಾನೆ."

"ಹಂಗೇನೆ. ನಾನ್ ಹೊಗಳಿದ್ದೇ ತಪ್ಪಾಯ್ತು," ಎಂದಳು ರೆಮೇಯಾ. "ಇವ್ನು ಸಿಗ್ಲಿ, ಆಮೇಲ್ ಹೋಗಿ ತೆಗೀತೀನಿ."

ಶನಿವಾರ ರಾತ್ರಿ ನಿದ್ದೆ ಬರಲಿಲ್ಲ. ಭಾನುವಾರ ಬೆಳಕು ಹರಿಯುವಾಗ ಅವಳಿಗೆ ಎಲ್ಲ ಸ್ಪಷ್ಟವಾಗಿತ್ತು. ಅಯ್ಯೋ, ವರ್ಷದಿಂದ ಹೇಳುತ್ತಲೇ ಇದ್ದನಲ್ಲ, ಇನ್ನೊಂದು ಬಾಕಿ ಇದೆ ಎಂದು! ಕೇಲೊನ ಮನೆಗೆ ಹೋಗಿ ಬಾಗಿಲು ಬಡಿದಳು.

"ಅಲ್ಮರ್ಜಾಗೆ ಹೋಗಿದಾನೆ. ನಡೀ."

"ಅತ್ತಿಗೆ, ಅಷ್ಟ್ ದೂರ ಅಣ್ಣನ ಕಾಲು..."

"ತಲೆ ಹೋಗಿದೆ, ಕಾಲು ಹೋಗಿಲ್ಲ. ನೀನ್ ಬರ್ದಿದ್ರೆ ಒಬ್ಳೇ ಹೋಗ್ತೀನಿ."

ಹೊರಡುವಾಗ ಬೀಗದ ಕೈ ಮೊಳೆಯಲ್ಲಿದೆಯೇ ಎಂದು ಒಮ್ಮೆ ಮುಟ್ಟಿ ನೋಡಿದಳು. ಮನೆ ಬಿಡುವಾಗ ಹಾಗೆ ಮುಟ್ಟುವುದು ಅವಳಿಗೆ ಶಿಲುಬೆ ಮುಟ್ಟಿದಷ್ಟೇ ಅಭ್ಯಾಸ.

ಅರವತ್ತೆಂಟರ ಹೆಂಗಸು, ಅರವತ್ತರ ಗಂಡಸು. ಎರಡು ಕಣಿವೆ, ನಡುವೆ ಬೆಟ್ಟ ದಾಟುವ ಒಂದು ಕಣಿವೆಬಾಯಿ. ದಾರಿಯಲ್ಲಿ ಹಳೆಯ ಎರಡು ಕೋಟೆಗಳಿಗೂ ಹತ್ತಿ ಇಳಿದರು. ಮೊದಲನೆಯದರಲ್ಲಿ ಒಂದೇ ಗೋಡೆ ನಿಂತಿತ್ತು. ನಲವತ್ತೈದು ವರ್ಷದ ಹಿಂದೆ ಅಲ್ಲಿ ನೆರಳಿಗೆ ಕೂತು ಬತಿಸ್ತೆ ಅವಳಿಗೆ ಒಣಮಾಂಸದ ಒಳ್ಳೆಯ ತುಂಡು ಕೊಟ್ಟು ತಾನು ತೊಗಲು ತಿಂದಿದ್ದ. ಎರಡನೆಯದರಲ್ಲಿ ಕಲ್ಲೂ ಉಳಿದಿರಲಿಲ್ಲ, ಊರವರು ಹಂದಿಗೂಡು ಕಟ್ಟಲು ಒಯ್ದಿದ್ದರು. ಎರಡೂ ಕಡೆ ಅವಳು ಬಾಯಿಗೆ ಕೈ ಹಚ್ಚಿ ಅವನ ಹೆಸರು ಕೂಗಿದಳು. ಕೂಗಿ ಗಂಟಲು ಕಟ್ಟಿತು. ಎದೆಯೊಳಗಿನ ಆಸೆಯೂ ಒಂದೊಂದು ಇಳಿಜಾರಿಗೆ ಒಂದಿಷ್ಟು ಇಳಿಯುತ್ತಿತ್ತು, ಆದರೂ ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕತ್ತಲಾಗುವ ಹೊತ್ತಿಗೆ ಕುರುಬನೊಬ್ಬನ ಕೊಟ್ಟಿಗೆಯಲ್ಲಿ ಜಾಗ ಸಿಕ್ಕಿತು. ಈ ದಾರಿಯಲ್ಲಿ ಯಾವ ಮುದುಕನೂ ಹೋಗಿಲ್ಲ ಎಂದ ಕುರುಬ. ಕೇಲೊ ಅತ್ತಿಗೆಯ ಮುಖ ನೋಡಿದ. ಅವಳು ಕೇಳಿಸದವಳಂತೆ ಚಪ್ಪಲಿಯ ಹಗ್ಗ ಬಿಗಿದಳು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅಲ್ಮರ್ಜಾ ಹತ್ತಿದರು. ಬಾಗಿಲಿಲ್ಲದ ಬಾಗಿಲು ದಾಟಿದ ಕೂಡಲೇ ರೆಮೇಯಾ ನಿಂತುಬಿಟ್ಟಳು. ಒಳಗೆ ಗೋಡೆಗೆ ಒರಗಿ ಒಬ್ಬ ಮುದುಕ ಕೂತಿದ್ದ, ತಲೆಯ ಮೇಲೆ ಟೋಪಿ, ತೊಡೆಯ ಮೇಲೆ ರೊಟ್ಟಿ. ಅವಳ ಬಾಯಲ್ಲಿ ಗಂಡನ ಹೆಸರು ಅರ್ಧ ಬಂದಿತ್ತು. ಮುದುಕ ತಲೆ ಎತ್ತಿದ.

ಆಲ್ಕೊಯ್‌ನ ಎಸ್ತೆವೆ.

"ಓಹೋ, ಕೀಲಿ ಅಮ್ಮಾವ್ರು!" ಎಂದು ಅವನು ಖುಷಿಯಿಂದ ಎದ್ದ. "ನಾನ್ ಆ ಕಡೆ ಕೋಟೆಗಳನ್ನ ಸುತ್ತಿ ಬಂದೆ, ನೀವೂ ಕೋಟೆ ನೋಡೋಕ್ ಹೊರಟ್ರಾ? ಯಜಮಾನ್ರು ಬರ್ಲಿಲ್ವಾ? ಭಾರಿ ಗಟ್ಟಿ ಮನುಷ್ಯಪ್ಪ ಅವ್ರು."

"ಯಾವ ಯಜಮಾನ್ರು?" ಕೇಲೊ ಕೇಳಿದ. ಕೇಳುವಾಗಲೇ ಅವನ ಮುಖ ಬಿಳಿಚಿತ್ತು.

"ಇವ್ರ ಮನೆಯವ್ರು! ಶುಕ್ರವಾರ ನಾನ್ ಹೊರಡೋ ಹೊತ್ತಿಗೆ ಮೇಲಕ್ ಬಂದ್ರು. ನಾನು ಅಜ್ಜಾ, ಬೀಗ ಹಾಕ್ಬೇಕು, ಬನ್ನಿ ಅಂದೆ. ಹಾಕು ಹಾಕು, ನನ್ ಹೆಂಡ್ತಿ ಹತ್ರ ಕೀಲಿ ಇದೆ, ಬಂದು ತೆಗೀತಾಳೆ ಅಂದ್ರು. ನಿಮ್ಮನೆ ಮುಂದೆ ಕುರ್ಚೀಲಿ ಕೂತಿದ್ದನ್ನ ನೋಡಿದ್ನಲ್ಲ, ಕೀಲಿಯವ್ರ ಗಂಡನೇ ಹೇಳಿದ್ ಮೇಲೆ ಇನ್ನೇನು ಅಂತ ಹಾಕ್ದೆ. ಸರಪಳಿ ಸರಿಯಾಗ್ ಎಳೀಲಿಲ್ಲ ಅಂತ ಒಳಗಿಂದ ನಂಗೇ ಬೈದ್ರು, ಎರಡನೇ ಸಲ ಎಳಿಸಿದ್ರು." ಅವನು ನಗುತ್ತಿದ್ದ. "ನೀವ್ ಮನೇಲಿರ್ಲಿಲ್ಲ. ಹೇಳಿದ್ರಲ್ಲ, ಮೊಳೆಗೆ ಹಾಕಿ ಬಂದೆ."

ಅವನು ಇಬ್ಬರ ಮುಖ ನೋಡಿದ. ನಗು ಅವನ ಮುಖದಲ್ಲೇ ನಿಂತು, ಆಮೇಲೆ ಮೆಲ್ಲಗೆ ಹೋಯಿತು.

ರೆಮೇಯಾ ಮುರಿದ ಗೋಡೆಯ ಮೇಲಿಂದ ಆಚೆ ನೋಡಿದಳು. ಎರಡು ಕಣಿವೆಗಳಾಚೆ, ನೀಲಿ ಬೆಟ್ಟಗಳ ನಡುವೆ, ಉಗುರಿನಷ್ಟು ಬೆನಿಸಾರಾ ಕೋಟೆ. ಅಷ್ಟು ದೂರಕ್ಕೆ ಬೇರೇನೂ ಕಾಣುವುದಿಲ್ಲ. ಆದರೆ ಅವಳಿಗೆ ಗೇಟಿನಲ್ಲಿ ಅಲುಗುತ್ತಿದ್ದ ಬಿಳಿ ಕಂಡಿತು. ಆ ಗಾಳಿಗೆ ಕಾಗದವಾಗಿದ್ದರೆ ಹಾರಿಹೋಗುತ್ತಿರಲಿಲ್ಲವೇ? ಅದು ನಿಂತಿತ್ತೆಂದರೆ ಯಾರೋ ಕಟ್ಟಿದ್ದಾರೆ.

"ಕೇಲೊ," ಎಂದಳು. "ಅವ್ನು ಉತ್ರ ಕೊಟ್ಟಿದಾನೆ ಕಣೋ. ಶನಿವಾರನೇ ಕೊಟ್ಟಿದಾನೆ."

ಊರಿಗೆ ಟೆಲಿಫೋನ್ ಇನ್ನೂ ಬಂದಿರಲಿಲ್ಲ. ಹಿಂದಿನ ಕಾಲದ ಮೂರ್ ಜನರಾದರೆ ಇಲ್ಲಿ ಬೆಂಕಿ ಹಾಕಿ ಹೊಗೆ ಎಬ್ಬಿಸಿ ಅಲ್ಲಿಗೆ ಸುದ್ದಿ ಕಳಿಸುತ್ತಿದ್ದರು. ಈಗ ಹೊಗೆ ಎಬ್ಬಿಸಿದರೆ ಓದುವವರು ಯಾರು? ಕಾಲು ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಈ ಸಲ ಯಾವ ಕೋಟೆಗೂ ಹತ್ತದೆ ನೇರ ನಡೆದರೆ ಏಳು ಗಂಟೆಯ ದಾರಿ. ರೆಮೇಯಾ ಮುಂದೆ, ಕೇಲೊ ಹಿಂದೆ, ಇಬ್ಬರಿಂದ ಸ್ವಲ್ಪ ದೂರದಲ್ಲಿ ಎಸ್ತೆವೆ. ಅವನನ್ನು ಯಾರೂ ಕರೆದಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ.

"ತೊಟ್ಟೀಲಿ ನೀರಿದೆ ಅತ್ತಿಗೆ," ಎಂದ ಕೇಲೊ ಒಂದು ಕಡೆ.

"ಹೂಂ."

"ಬುರುಜಿನ ಮೂಲೇಲಿ ಗಾಳಿ ಬರಲ್ಲ."

"ಮೂರು ರಾತ್ರಿ ಕಣೋ," ಎಂದಳು ರೆಮೇಯಾ. "ಸುಮ್ನೆ ನಡಿ."

ಕಣಿವೆಬಾಯಿ ದಾಟಿ ತಿರುವಿನಲ್ಲಿ ಬಂದಾಗ ಊರು ಕಂಡಿತು. ಕೆಳಗೆ ಅವಳ ಬಾಲ್ಕನಿಯಲ್ಲಿ ಬಿಳಿ ಬಟ್ಟೆ, ಮೇಲೆ ಗೇಟಿನಲ್ಲಿ ಇನ್ನೊಂದು ಬಿಳಿ. ಎರಡೂ ಒಂದೇ ಗಾಳಿಗೆ ಅಲುಗುತ್ತಿದ್ದವು. ಮೂರು ದಿನದಿಂದ ಅವು ಹಾಗೆ ಒಂದಕ್ಕೊಂದು ಮಾತಾಡಿಕೊಂಡಿದ್ದವು, ಓದಬೇಕಾದವಳು ಅಲ್ಮರ್ಜಾ ದಾರಿಯಲ್ಲಿದ್ದಳು. ರೆಮೇಯಾಗೆ ತನ್ನ ಮೇಲೆ ಬಂದ ಸಿಟ್ಟಿಗೆ ಮಿತಿಯಿರಲಿಲ್ಲ. ನಾಯಿ ಎಳೆದಿತ್ತು, ಕಣ್ಣು ಕಂಡಿತ್ತು, ಎಲ್ಲರ ಬಾಯಿ ಮುಚ್ಚಿಸಿದ್ದು ಅವಳ ಮೊಳೆ.

ಮನೆ ಮುಂದೆ ತೊನಿಕಾ ಓಡಿ ಬಂದಳು. "ಸಿಕ್ಕಿದ್ನೇನೇ?"

ರೆಮೇಯಾ ಮೊಳೆಯಿಂದ ಬೀಗದ ಕೈ ತೆಗೆದುಕೊಂಡಳು. ತೊನಿಕಾ ಅದನ್ನು ನೋಡಿದಳು, ಗುಡ್ಡ ನೋಡಿದಳು, ಬಾಯಿಗೆ ಶಾಲಿನ ತುದಿ ಒತ್ತಿಕೊಂಡು ಅಲ್ಲೇ ಕುರ್ಚಿಯಲ್ಲಿ ಕುಸಿದಳು.

ಮುಕ್ಕಾಲು ಗಂಟೆಯ ಏರು. ಗೇಟು ಹತ್ತಿರವಾದಂತೆ ಬಿಳಿಯದು ಅಂಗಿಯಾಯಿತು. ಎರಡು ತೋಳುಗಳನ್ನೂ ಸರಳಿಗೆ ಸುತ್ತಿ ಬಾದಾಮಿ ಮೂಟೆಗೆ ಹಾಕುವ ಗಂಟು ಹಾಕಿದ್ದ. ಎಲ್ಲ ಮರೆತರೂ ಬೆರಳುಗಳಿಗೆ ಆ ಗಂಟು ನೆನಪಿತ್ತು. ರೆಮೇಯಾ ಬೀಗ ತೆಗೆದಳು. ಇಪ್ಪತ್ತೆರಡು ವರ್ಷದ ರೂಢಿ, ಒಂದೇ ತಿರುವು.

ಅವನು ಬುರುಜಿನ ಮೂಲೆಗೆ ಹೋಗಿರಲಿಲ್ಲ. ಗೇಟಿನ ಒಳಗೇ, ಊರು ಕಾಣುವ ಕಲ್ಲಿನ ಮೇಲೆ ಕೂತು ಗೋಡೆಗೆ ಒರಗಿದ್ದ. ತಲೆಯ ಮೇಲೆ ಟೋಪಿ ಇತ್ತು. ರೆಪ್ಪೆಯ ಮೇಲೆ ಧೂಳು ಕೂತಿತ್ತು. ಕೇಲೊ ಮಂಡಿಯೂರಿ ಅಣ್ಣನ ಕೈ ಮುಟ್ಟಿ, ತನ್ನ ಕೈ ಹಿಂತೆಗೆದುಕೊಂಡ.

ರೆಮೇಯಾ ಕೋಟಿನ ಗುಂಡಿ ಬಿಚ್ಚಿದಳು. ಒಳಗೆ ಬರಿಮೈ. ಹೆಪ್ಪುಗಟ್ಟುವ ಚಳಿಯಲ್ಲಿ ಒಳಗಿದ್ದ ಒಂದೇ ಅಂಗಿಯನ್ನು ಬಿಚ್ಚಿ, ಬಂದೆ ಕಣೇ ಎಂದು ಹೆಂಡತಿಗೆ ಹೇಳಿದ್ದ. ಹೇಳಿ, ಅವಳು ಬಂದು ಬೀಗ ತೆಗೆಯುತ್ತಾಳೆಂದು ಕಾದಿದ್ದ. ಬರಿಮೈ ಮೇಲೆ ಕೋಟು ಹಾಕಿಕೊಂಡು ಗುಂಡಿ ಹಾಕಿಕೊಂಡಿದ್ದ, ಒಂದು ಗುಂಡಿ ತಪ್ಪಿ ಮೇಲಿನ ಕಾಜಕ್ಕೆ ಹೋಗಿತ್ತು. ಅವಳು ಆಗ ಅತ್ತಳು. ಜೋರಾಗಿ, ನಾಚಿಕೆಯಿಲ್ಲದೆ, ಬೈದುಕೊಳ್ಳುತ್ತ ಅತ್ತಳು.

"ಕೂಗ್ಬಾರ್ದಾಗಿತ್ತಾ ನೀನು! ಒಂದ್ ಸಲ ಕೂಗ್ಬಾರ್ದಾಗಿತ್ತಾ!"

ಬಹುಶಃ ಕೂಗಿಯೂ ಇದ್ದ. ಆ ಗಾಳಿಯಲ್ಲಿ ಯಾರು ಬಲ್ಲರು?

ಊರವರು ಬಂದು ಏಣಿಯ ಮೇಲೆ ಅವನನ್ನು ಮಲಗಿಸಿ ಹೊತ್ತರು. ಅಂಗಿಯ ಗಂಟನ್ನು ರೆಮೇಯಾ ತಾನೇ ಬಿಚ್ಚಿದಳು, ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಗೇಟಿನ ಬಳಿ ಅವಳ ಜೊತೆ ಉಳಿದವನು ಎಸ್ತೆವೆ ಒಬ್ಬನೇ. ಅವಳು ಬೀಗದಲ್ಲೇ ಬಿಟ್ಟಿದ್ದ ಕೀಲಿಯನ್ನು ನೋಡುತ್ತ ನಿಂತಿದ್ದ. ಮುಟ್ಟಲೂ ಭಯ, ಬಿಟ್ಟು ಹೋಗಲೂ ಭಯ.

"ಅಮ್ಮಾ..." ಎಂದ. "ನಾನು... ಬೀಗ..."

"ಹಾಕಪ್ಪ," ಎಂದಳು ರೆಮೇಯಾ, ಅಂಗಿಯನ್ನು ಮಡಚುತ್ತ. "ಈಗ ಒಳಗೆ ಯಾರೂ ಇಲ್ಲ. ನಾನೇ ನೋಡಿದೀನಿ."

ಅವನು ಬೀಗ ಹಾಕಿ ಸರಪಳಿ ಎಳೆದ. ಆಮೇಲೆ, ಒಳಗಿಂದ ಯಾರೋ ಗದರಿದ ಹಾಗೆ, ಎರಡನೇ ಸಲ ಎಳೆದು ನೋಡಿದ.